ಬಡಿದಳು, ನೂರಾ ಮೂವತ್ತು

ಕಪಾಳಕ್ಕೆ ಒಂದು ಬಿಟ್ಟರೆ ಮೂರು ದಿನ. ಜುಟ್ಟು ಹಿಡಿದು ಎಳೆದರೆ ಐದು. ಕಚ್ಚಿದರೆ ಏಳು, ರಕ್ತ ಬಂದರೆ ಹನ್ನೊಂದು. ತಟ್ಟೆ ಎತ್ತಿ ಎಸೆದರೆ, ಅದು ಯಾರಿಗೂ ತಾಗದಿದ್ದರೂ ಎರಡು. ಕೂಗಾಡಿದರೆ ಅರ್ಧ.

ಹೊಸಕಟ್ಟಿಯ ಬಾಲಕಿಯರ ಸುಧಾರಣಾ ಗೃಹದ ಊಟದ ಮನೆಯಲ್ಲಿ ಈ ದರಪಟ್ಟಿಯನ್ನು ಗೋಡೆಗೆ ಬರೆಸಿದ್ದರು. ತಪ್ಪಿಗೆ ತಕ್ಕಷ್ಟು ದಿನ, ಬಿಡುಗಡೆಯ ತಾರೀಖಿಗೆ ಸೇರುತ್ತಿತ್ತು. ಕಾಂಪೌಂಡಿನ ಆಚೆ ಬಾಲಕರ ಗೃಹ. ಅಲ್ಲಿಯ ಗೋಡೆಯ ಮೇಲೂ ಒಂದು ಪಟ್ಟಿ ಇತ್ತು, ಆದರೆ ಅಲ್ಲಿ ಕಪಾಳಕ್ಕೆ ಒಂದೇ ದಿನ. ಹುಡುಗರು ಸ್ವಭಾವದಿಂದಲೇ ಕೈ ಎತ್ತುವವರು, ಅವರ ಸಹಜ ಮಟ್ಟವೇ ಮೇಲಿದೆ. ಹುಡುಗಿಯರದು ಕೆಳಗಿದೆ, ಆದ್ದರಿಂದ ಅವರು ಕೈ ಎತ್ತಿದರೆ ಮಟ್ಟ ಬಿಟ್ಟು ಹೆಚ್ಚು ದೂರ ಹೋದ ಹಾಗೆ ಎಂದು ಲೆಕ್ಕ ಹಾಕಿದವರು ವಿವರಿಸಿದ್ದರು. ಏಟು ಅದೇ, ಬೆಲೆ ಮಾತ್ರ ಮೂರು ಪಟ್ಟು. ಸಂತೆಯಲ್ಲಿ ಯಾರಾದರೂ ಹೀಗೆ ಮಾರಿದ್ದರೆ ಫಕೀರವ್ವ ಅವನ ತಕ್ಕಡಿ ಕಿತ್ತು ಬೀದಿಗೆ ಎಸೆಯುತ್ತಿದ್ದಳು.

ಫಕೀರವ್ವ ಆ ಮನೆಯ ಗೃಹಮಾತೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದಳು. ಕದ್ದವರು, ಹೊಡೆದವರು, ಓಡಿಬಂದವರು, ಯಾರೋ ಮಾಡಿದ್ದನ್ನು ತಲೆಗೆ ಕಟ್ಟಿಸಿಕೊಂಡವರು, ಎಲ್ಲ ಹುಡುಗಿಯರನ್ನೂ ಕಂಡವಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳಾದರೂ, ಯಾವ ಹುಡುಗಿ ಇವತ್ತು ಜಗಳ ತೆಗೆಯುತ್ತಾಳೆ ಎನ್ನುವುದನ್ನು ಆ ಹುಡುಗಿ ಹಲ್ಲುಜ್ಜುವ ರೀತಿ ನೋಡಿ ಹೇಳುತ್ತಿದ್ದಳು.

ಈಗ ಅದನ್ನು ಹೇಳಲು ಯಂತ್ರ ಬಂದಿತ್ತು. ಹೆಸರು ಶಮನ. ಮಣಿಕಟ್ಟಿಗೆ ಹಾಕಿ ಬೀಗ ಮಾಡುವ ತೆಳ್ಳನೆಯ ಬಳೆ. ಕೈ ಎಷ್ಟು ಜೋರಾಗಿ ಬೀಸಿತು, ಎಲ್ಲಿಗೆ ಬಡಿದು ನಿಂತಿತು, ನಾಡಿ ಎಷ್ಟು ಓಡಿತು, ಬೆವರು ಎಷ್ಟು ಬಂತು ಎಂಬುದೆಲ್ಲವನ್ನೂ ಅಳೆದು ಅದು ಕಚೇರಿ ಕಟ್ಟಡದ ನಿಗಾ ಕೊಠಡಿಗೆ ಕಳಿಸುತ್ತಿತ್ತು. ಶಾಂತವಾಗಿದ್ದರೆ ಬಳೆಯಲ್ಲಿ ಹಸಿರು ದೀಪ, ಹೊಡೆದರೆ ಕೆಂಪು. ಹುಡುಗರು ಅದನ್ನು ಕಡಗ ಎನ್ನುತ್ತಿದ್ದರು. ಅವರಿಗೆ ವೆಲ್ಡಿಂಗ್ ಕಲಿಸುವ ಹೊತ್ತಿನಲ್ಲಿ, ಕಿಡಿ ತಾಗಿ ಕೆಟ್ಟೀತೆಂದು, ಕಡಗ ಬಿಚ್ಚಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಹುಡುಗಿಯರಿಗೆ ಬಿಚ್ಚುವ ಹೊತ್ತೇ ಇರಲಿಲ್ಲ. ಅಡುಗೆಮನೆಯಲ್ಲಾದರೂ ತೆಗೆಯಿರಿ ಎಂದು ಫಕೀರವ್ವ ಕೇಳಿದ್ದಕ್ಕೆ, "ಹೆಣ್ಣುಮಕ್ಕಳು ಬಳೆ ಹಾಕ್ಕೊಂಡೇ ಅಲ್ಲವೇ ಅಡುಗೆ ಮಾಡೋದು" ಎಂಬ ಉತ್ತರ ಬಂದಿತ್ತು.

ಬಳೆ ಬಂದ ಮೇಲೆ ಹೊಡೆದಾಟ ನಿಂತಿದ್ದು ನಿಜ. ಜಗಳ ನಿಲ್ಲಲಿಲ್ಲ. ರಜಿಯಾ ಎಂಬ ಹೊಸ ಹುಡುಗಿ ಕಚೇರಿಗೆ ಚಾಡಿ ಹೇಳಿದಳೆಂದು ಉಳಿದವರೆಲ್ಲ ಅವಳ ಜೊತೆ ಮಾತು ಬಿಟ್ಟರು. ಅವಳು ಬಂದು ಕೂತರೆ ಸಾಲೇ ಎದ್ದು ಹೋಗುತ್ತಿತ್ತು. ಹೊದಿಕೆ ಮಡಚಿಟ್ಟರೆ ಅದರ ಮೇಲೆ ಯಾರೋ ನೀರು ಚೆಲ್ಲಿರುತ್ತಿದ್ದರು, ಮೆಲ್ಲಗೆ, ನಾಡಿ ಏರದ ಹಾಗೆ. ಹನ್ನೊಂದು ದಿನ. ಮೂವತ್ತೆಂಟು ಬಳೆಗಳೂ ಹಸಿರು. ರಜಿಯಾ ಊಟ ಬಿಟ್ಟಳು, ಕೊನೆಗೆ ಕಿಟಕಿಯ ಮೊಳೆಯಿಂದ ತನ್ನ ತೋಳನ್ನೇ ಗೀರಿಕೊಂಡಳು. ಅದನ್ನೂ ನಿಧಾನವಾಗಿ ಮಾಡಿಕೊಂಡಳು. ಬಳೆ ಶಾಂತ ಎಂದಿತು. ಫಕೀರವ್ವ ಅವತ್ತಿನಿಂದ ತನ್ನ ತಟ್ಟೆಯನ್ನು ರಜಿಯಾಳ ಪಕ್ಕದಲ್ಲಿ ಇಟ್ಟುಕೊಂಡು ಉಂಡಳು. ಎರಡು ದಿನ ಇಬ್ಬರೇ ಉಂಡರು. ಮೂರನೆಯ ದಿನ ಯಮನವ್ವ ಬಂದು ಕೂತಳು, ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು.

ಯಮನವ್ವನಿಗೆ ಹದಿನಾರು. ಸೋದರಮಾವನ ತಲೆ ಒಡೆದು ಬಂದವಳು. ತಂದೆ ಇಲ್ಲದ ಮನೆ, ತಾಯಿ ತಮ್ಮನ ಮಾತಿಗೆ ಎದುರಾಡುವವಳಲ್ಲ. ಮೂವತ್ತಾರು ದಾಟಿದ ಮಾವ, ಅಕ್ಕನ ಮಗಳು ತನ್ನ ಹಕ್ಕು ಎಂದು ಅರಿಶಿನ ತಂದಿಟ್ಟಾಗ ಇವಳು ಕೊಡಲಿಯ ಕಾವು ಎತ್ತಿದ್ದಳು. ಹದಿನಾಲ್ಕು ಹೊಲಿಗೆ ಬಿದ್ದ ತಲೆ ಹೊತ್ತುಕೊಂಡು ಅವನು ಊರಲ್ಲಿ ಹೇಳಿಕೊಂಡು ತಿರುಗಿದ್ದು ಒಂದೇ ಮಾತು: ದೊಡ್ಡಾಕಿ ಇಲ್ಲಂದ್ರ ಸಣ್ಣಾಕಿ.

ಸಣ್ಣಾಕಿ ಕಸ್ತೂರಿಗೆ ಹದಿಮೂರು. ಯಮನವ್ವನ ಬಿಡುಗಡೆ ಜೂನ್ ಹನ್ನೆರಡಕ್ಕೆ ಇತ್ತು. ಹೊರಗೆ ಬಂದ ದಿನವೇ ತಂಗಿಯನ್ನು ಕರೆದುಕೊಂಡು ಹೋಗಿ ಪಟ್ಟಣದ ಹಾಸ್ಟೆಲಿಗೆ ಸೇರಿಸುವುದೆಂದು ಫಕೀರವ್ವನೇ ಅರ್ಜಿ ತುಂಬಿಸಿ ಇಟ್ಟಿದ್ದಳು. ಏಪ್ರಿಲ್ ಕೊನೆಯ ಭಾನುವಾರ ಫೋನಿನಲ್ಲಿ ಕಸ್ತೂರಿ ಹೇಳಿದಳು, "ಅಕ್ಕಾ, ಮಾವ ಸೀರಿ ತಂದಾನ. ಹಸಿರುದು."

ಫಕೀರವ್ವ ಅವತ್ತೇ ಮಕ್ಕಳ ಸಹಾಯವಾಣಿಗೆ ಕರೆ ಮಾಡಿದಳು. ಇಬ್ಬರು ಹೋಗಿ ನೋಡಿ ಬಂದರು. ಹುಟ್ಟಿದಹಬ್ಬದ ಸೀರೆ ಎಂದನಂತೆ ಮಾವ. ಮುಚ್ಚಳಿಕೆ ಬರೆಸಿಕೊಂಡು, ಚಹಾ ಕುಡಿದು, ಎದ್ದು ಬಂದರಂತೆ.

ಅಲ್ಲಿಂದ ಯಮನವ್ವನ ತಾರೀಖು ಓಡತೊಡಗಿತು. ಅವಳು ಯಾರಿಗೂ ಹೊಡೆಯಲಿಲ್ಲ. ಹೊಡೆದರೆ ತಂಗಿ ಹೋಗುತ್ತಾಳೆಂದು ಕೈಗಳನ್ನು ಬಗಲಲ್ಲಿ ಇಟ್ಟುಕೊಂಡೇ ನಡೆಯುತ್ತಿದ್ದಳು. ಆದರೂ ಜೂನ್ ಹನ್ನೆರಡು ಇದ್ದದ್ದು ಹತ್ತೊಂಬತ್ತಾಯಿತು, ಮೂವತ್ತಾಯಿತು, ಮೇ ಮುಗಿಯುವ ಹೊತ್ತಿಗೆ ಆಗಸ್ಟ್ ಕಂಡಿತು. ತನ್ನ ಸರದಿಯ ಬೆಳಿಗ್ಗೆ ಎದ್ದು ಅಡುಗೆಮನೆ ಕೆಲಸ ಮುಗಿಸಿ ಬಂದರೆ ಬಳೆ ಕೆಂಪಗೆ ಉರಿಯುತ್ತಿತ್ತು.

"ಅಕ್ಕಾರ, ನಾ ಏನ್ ಮಾಡೀನ್ರಿ?" ಎಂದಳು ಒಂದು ದಿನ. ಅಳಲಿಲ್ಲ. ಕೇಳಿದಳು ಅಷ್ಟೆ.

"ಏನೂ ಮಾಡಿಲ್ಲ, ಯವ್ವಾ. ಬಳಿಗೆ ಹುಚ್ಚು ಹಿಡದೈತಿ."

ಜೂನ್ ಎಂಟರಂದು ಫಕೀರವ್ವನನ್ನು ನಿಗಾ ಕೊಠಡಿಗೆ ಕರೆಸಿದರು. ಶಮನವನ್ನು ರೂಪಿಸಿದ ಡಾಕ್ಟರ್ ವಾಗೀಶ್ ಬಂದಿದ್ದರು. ಮೈಸೂರು ಕಡೆಯವರು, ಮೆತ್ತಗಿನ ಮಾತಿನವರು. ಎದ್ದು ನಿಂತು ಕುರ್ಚಿ ತೋರಿಸಿದರು. ಗೋಡೆ ತುಂಬ ಪರದೆಗಳು, ಅವುಗಳ ಮೇಲೆ ಚುಕ್ಕೆಗಳು. ಹಸಿರು ಚುಕ್ಕೆ ಎಂದರೆ ಒಂದು ಮಗು ಎಂದು ಅವಳಿಗೆ ಹೇಳಿಕೊಟ್ಟರು.

"ಫಕೀರವ್ವ ಅವರೇ, ಬಹಳ ದೊಡ್ಡ ಸಂಗತಿ ಹೊರಗೆ ಬಂದಿದೆ. ಹುಡುಗರೇ ಹೆಚ್ಚು ಹೊಡೆದಾಡ್ತಾರೆ ಅಂತ ಎಲ್ಲರೂ ನಂಬಿದ್ದಾರೆ. ನಮ್ಮ ಅಂಕಿಗಳು ಬೇರೆ ಹೇಳ್ತಿವೆ. ನಿಮ್ಮ ಮೂವತ್ತೆಂಟು ಹುಡುಗಿಯರು ಆ ಕಡೆಯ ನೂರಾ ನಲವತ್ತು ಹುಡುಗರಿಗಿಂತ ಜಾಸ್ತಿ ಹೊಡೀತಾರೆ. ವರದಿ ಅಚ್ಚಿಗೆ ಹೋಗಿದೆ."

"ಯಾವಾಗ ಹೊಡೀತಾರ್ರಿ?"

ಅವರು ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ದಿನವೆಲ್ಲ ನೆಲಕ್ಕೆ ಅಂಟಿಕೊಂಡಿದ್ದ ಗೆರೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಗುಡ್ಡದಂತೆ ಎದ್ದಿತ್ತು.

"ಆ ಹೊತ್ತಿನ್ಯಾಗ ಅವ್ರು ಅಡಿಗಿಮನ್ಯಾಗ ಇರ್ತಾರ್ರಿ."

"ಹೌದು. ಬಿಸಿ, ಇಕ್ಕಟ್ಟು, ಹೆಣ್ಣುಮಕ್ಕಳ ಒಳಗೊಳಗಿನ ಪೈಪೋಟಿ. ಅದನ್ನೂ ಬರೆದಿದ್ದೀನಿ."

"ಹೊಡಸ್ಕೊಂಡೋರು ಎಲ್ಲಿ ಹ್ವಾದ್ರು? ದಿನಾ ಇಷ್ಟು ಏಟು ಬಿದ್ರ ಒಬ್ಬಾಕಿ ಮೈಮ್ಯಾಲರ ಬಾವು ಬರಬೇಕಲ್ರಿ. ಹುಡುಗ್ಯಾರ ತಲಿ ಬಾಚಾಕಿ ನಾನ, ನನಗ ಕಾಣ್ಲಿಲ್ಲ."

"ಮುಚ್ಚಿಡ್ತಾರೆ. ಹೆಣ್ಣಿನ ಹಿಂಸೆಯ ಸ್ವಭಾವವೇ ಅದು, ಹೊರಗೆ ಕಾಣೋದಿಲ್ಲ."

ಫಕೀರವ್ವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಕಂಡರೂ ಹಿಂಸೆ, ಕಾಣದಿದ್ದರೂ ಹಿಂಸೆ. ಈ ಮನುಷ್ಯನ ಮುಂದೆ ಹುಡುಗಿ ಯಾವ ರೀತಿಯಲ್ಲಿ ನಿಂತರೆ ಸೈ ಎನ್ನಿಸಿಕೊಂಡಾಳು? "ಕಾಣಲಾರದ್ದೂ ಇರ್ತದ್ರಿ, ಇಲ್ಲಂತ ಹೇಳಂಗಿಲ್ಲ," ಎಂದಳು. "ರಜಿಯಾನ ಹನ್ನೊಂದು ದಿನ ಮಾತಾಡಸದ ಕೊಂದಾರ. ನಮ್ಮ ಹುಡುಗ್ಯಾರ ಜಗಳ ಕೈಯಾಗ ಇರಂಗಿಲ್ಲ, ಬೆನ್ನಾಗ ಇರ್ತದ. ಅವತ್ತು ನಿಮ್ಮ ಬಳಿ ಏನಂತು? ಎಲ್ಲಾ ಹಸಿರು ಅಂತು."

ವಾಗೀಶ್ ತುಸು ಇರುಸುಮುರುಸಾಗಿ, ಯಂತ್ರ ತಾನಾಗಿ ಏನೂ ತಿಳಿಯುವುದಿಲ್ಲ ಎಂದರು. ಮೊದಲ ಎರಡು ತಿಂಗಳು ಅದಕ್ಕೆ ಕಲಿಸಬೇಕು. ಕೈಯ ಈ ಚಲನೆ ಹೊಡೆತ, ಈ ಚಲನೆ ಆಟ ಎಂದು ಕಣ್ಣಾರೆ ಕಂಡವರು ಬರೆದ ದಿನಚರಿಯೊಂದಿಗೆ ಹೊಂದಿಸಿ ತೋರಿಸಿದರೆ, ಆಮೇಲೆ ಅದು ತಾನೇ ಗುರುತಿಸುತ್ತದೆ. "ಇಲ್ಲಿ ಕಲಿಸಿದ್ದು ಬೇರೆ ಯಾರೂ ಅಲ್ಲ, ನೀವೇ. ನೋಡಿ, ನಿಮ್ಮ ಅಕ್ಷರ."

ಪರದೆಯ ಮೇಲೆ ಅವಳ ದಿನಚರಿಯ ಪುಟ. ದುಂಡಗೆ, ಒಂದೂ ಚಿತ್ತು ಇಲ್ಲದೆ ಬರೆದದ್ದು. *ಬೆ. 6-10 ರಿಂದ 7-40. ಯಮನವ್ವ ಬಡಿದಳು, 130. ರಜಿಯಾ ಬಡಿದಳು, 60. ಮಂಜವ್ವನ ಕೈ ಸುಟ್ಟಿದ್ದರಿಂದ ಬಡಿಯಲಿಲ್ಲ.*

ಫಕೀರವ್ವ ಒಂದು ಸಲ ಓದಿದಳು. ಬೆರಳಿಟ್ಟು ಇನ್ನೊಂದು ಸಲ ಓದಿದಳು.

"ಸಾಹೇಬ್ರ, ನಿಮ್ಮ ಕಡಿ ರೊಟ್ಟಿ ಹ್ಯಾಂಗ ಮಾಡ್ತಾರ?"

"ರೊಟ್ಟಿಯಾ? ಹಿಟ್ಟು ಕಲಸಿ ತಟ್ತಾರೆ."

"ನಾವು ಬಡಿತೀವ್ರಿ."

ಅವರು ಪರದೆಯ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದರು.

"ಜ್ವಾಳದ ರೊಟ್ಟಿ. ಆಕಿ ನೂರಾ ಮೂವತ್ತು ರೊಟ್ಟಿ ಬಡದಾಳ. ಹಿಟ್ಟು ಕಡಿಮಿ ಬೀಳ್ತದ, ಎಣಿಸಿ ಬರೀರಿ ಅಂತ ಉಗ್ರಾಣದವ್ರು ಅಂದಿದ್ರು, ಬರದೆ. ನೂರಾ ಮೂವತ್ತು ಮಂದಿನ ಒಂದ ಮುಂಜಾನಿ ಹೊಡ್ಯಾಕ ಆಕಿ ಏನು ಭೀಮಸೇನನ? ಇದನ್ನ ಓದಿದೋರಿಗೆ ಅಷ್ಟೂ ತಿಳೀಲಿಲ್ಲ?"

"ಓದಿ ವಿಂಗಡಿಸಿದವರು ಬೆಂಗಳೂರಿನಲ್ಲಿದ್ದರು. ಏಟಿನ ಎಣಿಕೆ ಅಂದುಕೊಂಡಿರಬೇಕು," ಎಂದರು ವಾಗೀಶ್. ದನಿ ಸಣ್ಣದಾಗಿತ್ತು.

"ಆ ಕಡಿ ಮೇಟಿ ಸಾಹೇಬ್ರು ಬರದದ್ದು ತಗೀರಿ. ಹುಡುಗೂರದು. ಏಪ್ರಿಲ್ ಹದಿನೆಂಟು."

ಬಾಲಕರ ಗೃಹದ ಅಧೀಕ್ಷಕ ಮೇಟಿಯ ಬರಹ ಬಂತು. *ಊಟದ ನಂತರ ಹುಡುಗರು ಜಗ್ಗಾಡಿ ಆಟವಾಡಿದರು. ಒಬ್ಬನಿಗೆ ಸಣ್ಣ ಗಾಯ.*

"ಆ ಸಣ್ಣ ಗಾಯಕ್ಕ ಎಂಟು ಹೊಲಿಗಿ ಬಿದ್ದಾವ್ರಿ. ಒಂದು ಹಲ್ಲೂ ಹೋಗೈತಿ. ರಕ್ತ ಒರಸಾಕ ನಮ್ಮಲ್ಲಿಂದನ ಹಳೀ ಸೀರಿ ಒಯ್ದಾರ. ಅದು ಆಟ, ರೊಟ್ಟಿ ಹೊಡೆದಾಟ. ನಿಮ್ಮ ಯಂತ್ರಕ್ಕ ನಾವಿಬ್ರೂ ಸೇರಿ ಚೊಲೋ ಸಾಲಿ ಕಲಿಸೀವಿ."

ತನ್ನನ್ನೂ ಸೇರಿಸಿ ಹೇಳಿದಳು. ಬೇರೆಯವರ ಮೇಲಿನ ಸಿಟ್ಟು ಉಗುಳಿದರೆ ಹೋಗುತ್ತದೆ, ತನ್ನ ಮೇಲಿನದು ಉಗುಳಿದರೂ ಹೋಗುವುದಿಲ್ಲ.

ವಾಗೀಶರನ್ನು ಆಗಲೇ ಅಡುಗೆಮನೆಗೆ ಕರೆತಂದಳು. ಮೊದಲು ಹುಡುಗರ ಒಂದು ಕಡಗ ತರಿಸಿ ಅವರ ಕೈಗೆ ಹಾಕಿಸಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂರಿಸಿದಳು. ಹುಡುಗಿಯರು ಸುತ್ತ ನಿಂತರು. ವಾಗೀಶ್ ಹಿಟ್ಟಿನ ಮುದ್ದೆಯ ಮೇಲೆ ಕೈ ಹಾಕಿದರು.

"ಜೋರ್ಲೆ ಬಡೀರಿ ಸಾಹೇಬ್ರ, ಅದೇನ್ ಕೂಸಲ್ಲ," ಎಂದಳು ಮಂಜವ್ವ.

"ಏ, ಅದು ರೊಟ್ಟಿ ಅಲ್ಲಬೇ, ಕರ್ನಾಟಕದ ನಕಾಶಿ ಆತು. ಬೀದರ ಕಡೀಗೆ ಹರದೈತಿ ನೋಡು," ಎಂದಳು ಇನ್ನೊಬ್ಬಳು.

ಅವರ ಫೋನಿನಲ್ಲಿ ಕಡಗದ ತೀರ್ಪು ಬಂತು: ಆಟ. ಕಡಗ ತೆಗೆದು ಬಳೆ ಹಾಕಿದರು. ಅದೇ ಕೈ, ಅದೇ ಹಿಟ್ಟು. ಹನ್ನೆರಡನೆಯ ಬಡಿತಕ್ಕೆ ಬಳೆ ಕೆಂಪಾಯಿತು: ಹಲ್ಲೆ, ಮೂರು ದಿನ. ಯಾರೂ ನಗಲಿಲ್ಲ. ಯಮನವ್ವ ಮುಂದೆ ಬಂದು ಕೇಳಿದಳು, "ಹಂಗಾರ ನನ್ನ ತಾರೀಖು ಹೊಳ್ಳಿ ಬರ್ತದ್ರಿ? ಹನ್ನೆರಡಕ್ಕ ಬಿಡ್ತೀರಿ?"

ಅವರು ಕೈಗೆ ಮೆತ್ತಿದ ಹಿಟ್ಟನ್ನು ನೋಡುತ್ತ ನಿಂತರು. ತಾರೀಖನ್ನು ಕೈಯಿಂದ ತಿದ್ದಲು ತಮಗೆ ಅಧಿಕಾರವಿಲ್ಲ, ಪರಿಶೀಲನಾ ಸಮಿತಿ ಒಪ್ಪಬೇಕು, ತಾವೇ ಬರೆಯುತ್ತೇವೆ, ಒಂದು ವಾರ ಸಾಕು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವತ್ತೇ ಬರೆದರು ಕೂಡ.

ಫಕೀರವ್ವ ನಂಬಿದಳು. ಇಪ್ಪತ್ತೆರಡು ವರ್ಷ ಸರ್ಕಾರದ ಅನ್ನ ಉಂಡು, ಸರ್ಕಾರದ ವಾರ ಎಷ್ಟು ದಿನದ್ದೆಂದು ತಿಳಿದವಳು, ಆ ಒಂದು ಸಲ ನಂಬಿದಳು. ಹಿಟ್ಟು ಮೆತ್ತಿದ ಕೈ ನೋಡಿ ಮೋಸಹೋದೆ ಎಂದು ಆಮೇಲೆ ತನ್ನನ್ನೇ ಬೈದುಕೊಂಡಳು.

ಹನ್ನೆರಡು ಬಂತು, ಹೋಯಿತು. ಹದಿನೇಳಕ್ಕೆ ಸಮಿತಿಯಲ್ಲಿ ಸಾಕಷ್ಟು ಸದಸ್ಯರು ಸೇರಲಿಲ್ಲ. ಇಪ್ಪತ್ತಮೂರಕ್ಕೆ, ವರದಿ ಈಗಾಗಲೇ ಅಚ್ಚಾಗಿರುವುದರಿಂದ ದುಡುಕಿ ತಿದ್ದುವುದು ಸರಿಯಲ್ಲವೆಂದು ಮುಂದಿನ ತಿಂಗಳಿಗೆ ಹಾಕಿದರು. ಪತ್ರಿಕೆಯಲ್ಲಿ 'ಹುಡುಗಿಯರೇ ಹೆಚ್ಚು ಉಗ್ರರು' ಎಂದು ನಾಲ್ಕು ಕಾಲಮ್ಮಿನ ಸುದ್ದಿ ಬಂತು. ಹುಡುಗಿಯರು ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುತ್ತಲೇ ಇದ್ದರು, ತಮಗೂ, ಗೋಡೆಯಾಚೆಯ ನೂರಾ ನಲವತ್ತು ಹುಡುಗರಿಗೂ. ಬಡಿದಂತೆಲ್ಲ ದಿನ ಏರುತ್ತಿತ್ತು.

ಇಪ್ಪತ್ತೊಂಬತ್ತು ಭಾನುವಾರ. ಯಮನವ್ವ ಫೋನಿನಲ್ಲಿ ತಾಯಿಯೊಂದಿಗೆ ಮಾತಾಡಿ ಬಂದಳು.

"ಕಸ್ತೂರಿ ಸಿಗಲಿಲ್ರಿ. ಸಾಲಿಗೆ ಹೋಗ್ಯಾಳಂತ ಅವ್ವ ಅಂದ್ಲು."

ಫಕೀರವ್ವ ಅವಳ ಮುಖ ನೋಡಿದಳು. "ಇವತ್ತು ಐತವಾರ," ಎಂದಳು.

ಅದು ಯಮನವ್ವನಿಗೂ ಗೊತ್ತಿತ್ತು. ಫಕೀರವ್ವ ಮತ್ತೆ ಸಹಾಯವಾಣಿಗೆ ಕರೆ ಮಾಡಿದಳು. ಮುಚ್ಚಳಿಕೆ ಇದೆಯಲ್ಲ, ಭಾನುವಾರದ ರಜೆ ಮುಗಿದ ಮೇಲೆ ನೋಡೋಣ ಎಂದರು.

ಸೋಮವಾರ ಬೆಳಿಗ್ಗೆ ಫಕೀರವ್ವ ರೊಟ್ಟಿಯ ಒಲೆಗಳಿಗೆ ಬೆಂಕಿ ಹಾಕಗೊಡಲಿಲ್ಲ. ಹಂಚುಗಳನ್ನು ತೊಳೆಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ದೊಡ್ಡ ಪಾತ್ರೆಯಲ್ಲಿ ಅನ್ನ, ಇನ್ನೊಂದರಲ್ಲಿ ತಿಳಿಸಾರು. ಗೋಡೆಯಾಚೆಗೂ ಅದೇ ಹೋಯಿತು. ಎಂಟೂವರೆಗೆ ಮೇಟಿ ಸಾಹೇಬರು ಹಾರಿಕೊಂಡು ಬಂದರು.

"ಫಕೀರವ್ವಾ, ರೊಟ್ಟಿ ಎಲ್ಲಿ? ಹುಡುಗೂರು ತಾಟು ಬಡ್ಯಾಕಹತ್ಯಾವ."

"ಬಡೀಲಿ ಬಿಡ್ರಿ. ಅವ್ರದು ಆಟ ಅಂತ ಬರ್ತದ."

"ಚ್ಯಾಷ್ಟಿ ಬ್ಯಾಡ. ಅನ್ನ ತಿಂದು ಮಧ್ಯಾಹ್ನತನಾ ಹ್ಯಾಂಗ ಇರ್ತಾವ?"

"ಒಂದು ರೊಟ್ಟಿ ಬಡದ್ರ ನನ್ನ ಹುಡುಗಿಗೆ ಜೇಲು ಹೆಚ್ಚಾಗ್ತದ. ನಿಮ್ಮ ಹುಡುಗೂರಿಗೆ ಹೊಟ್ಟಿ ಹಸದ್ರ ಅವ್ರ ಕೈಗೂ ಹಿಟ್ಟು ಕೊಡ್ರಿ. ಕಡಗ ಹಾಕ್ಕೊಂಡು ಬಡೀಲಿ. ಒಂದು ದಿನಾನೂ ಏರಂಗಿಲ್ಲ, ನಾ ನೋಡೀನಿ."

"ಗಂಡುಮಕ್ಕಳಿಗೆ ಅಡಿಗಿ ಕಲಿಸೋದು ಪಠ್ಯದಾಗ ಇಲ್ಲ."

"ನನ್ನ ಹುಡುಗ್ಯಾರ ಪಠ್ಯದಾಗೂ ನಿಮ್ಮ ಕೂಳು ಬೇಯಿಸೋದು ಇಲ್ಲ. ಹೋಗ್ರಿ."

ನೋಟಿಸು ಬಂತು. ಅವಳು ಅದನ್ನು ಓದಿ ಸಹಿ ಮಾಡಿ ತಿರುಗಿಸಿ ಕೊಟ್ಟಳು. ಮಂಗಳವಾರವೂ ಅನ್ನ. ಅವತ್ತು ಮಧ್ಯಾಹ್ನ ಹುಡುಗರು ಊಟದ ಮನೆಯ ಬೆಂಚು ಮುರಿದು ಬಾಗಿಲಿಗೆ ಎಸೆದರು. ಇಬ್ಬರ ಕೈ ಮುರಿಯಿತು. ನಿಗಾ ಕೊಠಡಿಯ ಪರದೆಯಲ್ಲಿ ನೂರಾ ನಲವತ್ತು ಚುಕ್ಕೆಗಳು ಹಸಿರಾಗಿಯೇ ಇದ್ದವು. ಅದನ್ನು ನೋಡಲು ವಾಗೀಶ್ ಇಲಾಖೆಯ ಕಾರ್ಯದರ್ಶಿಯನ್ನೇ ಪರದೆಯ ಮುಂದೆ ತಂದು ನಿಲ್ಲಿಸಿದರು. ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಅದು.

ಬುಧವಾರ ಸಮಿತಿ ಸೇರಿತು. ಗುರುವಾರ, ಏರಿದ ದಿನಗಳನ್ನೆಲ್ಲ ತೆಗೆದುಹಾಕುವ ಆದೇಶ ಬಂತು. ಮೂವತ್ತೆಂಟು ಹುಡುಗಿಯರ ದಿನಗಳು ಹೋಗುವಾಗ ಅಲುಗದ ಕಡತ, ನೂರಾ ನಲವತ್ತು ಹುಡುಗರಿಗೆ ಮೂರು ದಿನ ರೊಟ್ಟಿ ಇಲ್ಲದಾಗ ಓಡಿ ಬಂತು. ಆದೇಶವನ್ನು ಕೈಯಲ್ಲಿ ಹಿಡಿದು ಫಕೀರವ್ವನಿಗೆ ಸಂತೋಷವಾಗಲಿಲ್ಲ. ಇಷ್ಟು ಸುಲಭವಿತ್ತಲ್ಲ, ಇದನ್ನು ಜೂನ್ ಒಂಬತ್ತಕ್ಕೇ ಮಾಡಬೇಕಿತ್ತಲ್ಲ ಎಂಬ ಸಿಟ್ಟಿನಲ್ಲಿ ಆ ಹಾಳೆಯ ಅಂಚು ಅವಳ ಬೆವರಿಗೆ ಮುದುಡಿತು.

ಜುಲೈ ನಾಲ್ಕರ ಬೆಳಿಗ್ಗೆ ಯಮನವ್ವನ ಬಳೆ ಬಿಚ್ಚಿದರು. ಒಬ್ಬಳನ್ನೇ ಕಳಿಸದೆ ಫಕೀರವ್ವ ರಜೆ ಹಾಕಿ ಜೊತೆಗೆ ಹೊರಟಳು, ಠಾಣೆಯಿಂದ ಒಬ್ಬ ಮಹಿಳಾ ಪೇದೆಯನ್ನೂ ಕರೆದುಕೊಂಡಳು. ಬಸ್ಸಿನಲ್ಲಿ ಎರಡು ಗಂಟೆ. ತಾಯಿ ಹೊಸ್ತಿಲಲ್ಲಿ ಕೂತಿದ್ದಳು. ಮಗಳನ್ನು ಕಂಡು ಎದ್ದವಳು ಮುಖಕ್ಕೆ ಸೆರಗು ಹಾಕಿಕೊಂಡಳು.

"ಕಸ್ತೂರಿ ಎಲ್ಲಿ ಅದಾಳಬೇ?"

"ಈಗ ಮಾವನ ಮನ್ಯಾಗ ಇರ್ತಾಳ," ಎಂದಳು ತಾಯಿ. "ನಾ ಬ್ಯಾಡ ಅಂದ್ನೆವ್ವಾ. ದೊಡ್ಡಾಕಿ ಬರೋದ್ರಾಗ ಮುಗಿಸಿಬಿಡೂಣು ಅಂದ. ಮೊದ್ಲ ನೀ ಹನ್ನೆರಡಕ್ಕ ಬರ್ತೀ ಅಂತ ಅಂಜಿ ಸುಮ್ನಿದ್ದ. ನೀ ಬರ್ಲಿಲ್ಲ."

ಎರಡು ಓಣಿ ಆಚೆ ಮಾವನ ಮನೆ. ಕಸ್ತೂರಿ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕೊರಳಲ್ಲಿ ತಾಳಿ, ಕಾಲಲ್ಲಿ ಅವಳ ಬೆರಳಿಗೆ ದೊಡ್ಡದಾದ ಕಾಲುಂಗುರ, ಜಾರದಂತೆ ದಾರ ಸುತ್ತಿದ್ದರು. ಅಕ್ಕನನ್ನು ನೋಡಿ ಎದ್ದಳು, ಆದರೆ ಹತ್ತಿರ ಬರಲಿಲ್ಲ.

"ಯಾವಾಗ ಬಿಟ್ರು?" ಎಂದಳು, ದೊಡ್ಡವರು ಕೇಳುವ ಹಾಗೆ.

"ಇವತ್ತ."

"ಹನ್ನೆರಡಕ್ಕ ಬರ್ತೀನಿ ಅಂದಿದ್ದಿ. ಬಸ್ ಸ್ಟ್ಯಾಂಡಿಗೆ ಬಂದು ಸಂಜಿತನಾ ಕುಂತಿದ್ದೆ."

ಯಮನವ್ವ ರೊಟ್ಟಿಯ ಮಾತು ಹೇಳಲಿಲ್ಲ. ಹೇಳಿದರೆ ಅದು ಯಾರಿಗೆ ಅರ್ಥವಾದೀತು? ತಂಗಿಯ ಕೈಯಿಂದ ಪಾತ್ರೆ ತೆಗೆದು ಕೆಳಗಿಟ್ಟು, ಆ ಕೈಯನ್ನು ಹಿಡಿದುಕೊಂಡಳು. ಒಳಗಿನಿಂದ ಮಾವ ಬಂದ. ಅವಳು ಅವನನ್ನು ನೋಡಲೂ ಇಲ್ಲ, ಕೈ ಎತ್ತಲೂ ಇಲ್ಲ. ಈ ಸಲ ಕೈ ಎತ್ತಿದವಳು ಫಕೀರವ್ವ. ಐವತ್ತೆಂಟು ವರ್ಷದ ಆ ಕೈ ಅವನ ಕಪಾಳಕ್ಕೆ ಬಿದ್ದ ಸದ್ದಿಗೆ ಓಣಿಯ ನಾಯಿಗಳು ಬೊಗಳಿದವು. ಮಹಿಳಾ ಪೇದೆ ಬೇರೆ ಕಡೆ ನೋಡುತ್ತಿದ್ದಳು.

ಮಾವನ ಮೇಲೆ ಕೇಸು ಆಯಿತು. ನಲವತ್ತು ದಿನಕ್ಕೆ ಜಾಮೀನಿನ ಮೇಲೆ ಹೊರಗೆ ಬಂದ. ಕಸ್ತೂರಿ ಹಾಸ್ಟೆಲಿಗೆ ಸೇರಿದಳು. ಅಲ್ಲಿ ಯಾರೊಂದಿಗೂ ಮಾತಾಡುವುದಿಲ್ಲ ಎಂದು ವಾರ್ಡನ್ ಬರೆದರು. ಹೊಸಕಟ್ಟಿಯ ಹುಡುಗಿಯರಿಗೆ ಎಲ್ಲ ಸೇರಿ ಆರುನೂರ ಹನ್ನೊಂದು ದಿನ ವಾಪಸ್ಸು ಸಿಕ್ಕಿತು. ಕಪಾಳದ ಬೆಲೆ ಎರಡೂ ಗೋಡೆಗಳ ಮೇಲೆ ಒಂದೇ ಆಯಿತು. ಯಮನವ್ವನನ್ನು ಇಪ್ಪತ್ತೆರಡು ದಿನ ತಡವಾಗಿ ಬಿಟ್ಟರು. ಕಸ್ತೂರಿಯ ಮದುವೆ ಅದರಲ್ಲಿ ಹದಿನೈದನೆಯ ದಿನ ಆಗಿಹೋಗಿತ್ತು.